ಗಾಯಕ್ಕೆ ತಕ್ಕ ಪಟ್ಟಿ

ಔಷಧಿ ಅಂಗಡಿಗೆ ಹೋಗಿ ಬರಿದೇ ‘ಬ್ಯಾಂಡೇಜ್ ಕೊಡಿ’ ಎಂದರೆ ಅವರು ಯಾವುದೋ ಒಂದನ್ನು ಕೊಟ್ಟು ಕಳುಹಿಸುತ್ತಾರೆ. ಗಾಯವನ್ನು ಮುಚ್ಚಬೇಕೆ, ಒಸರುವುದನ್ನು ಹೀರಿಸಬೇಕೆ, ರಕ್ತ ನಿಲ್ಲಲು ಒತ್ತಿ ಹಿಡಿಯಬೇಕೆ, ಅಥವಾ ಉಳುಕಿದ ಕೀಲಿಗೆ ಆಸರೆ ಕೊಡಬೇಕೆ ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡು ಹೋದರೆ ಏನನ್ನು ಕೇಳಬೇಕೆಂಬುದು ತಾನಾಗಿ ತಿಳಿಯುತ್ತದೆ.

ಈಳಿಗೆ ಮಣೆಯಲ್ಲಿ ತರಕಾರಿ ಹೆಚ್ಚುವಾಗ ಬೆರಳು ಕುಯ್ದುಕೊಂಡರೆ ನಲ್ಲಿ ನೀರಿನಲ್ಲಿ ತೊಳೆದು, ಶುಭ್ರವಾದ ಬಟ್ಟೆಯಿಂದ 10 ನಿಮಿಷ, ನಡುನಡುವೆ ತೆಗೆದು ನೋಡದೆ, ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಕಾಫಿಪುಡಿ, ಅರಿಶಿನಗಳನ್ನು ಮೆತ್ತುವ ರೂಢಿಯನ್ನು ದಯವಿಟ್ಟು ಬಿಡಿ; ಹೊಲಿಗೆ ಬೇಕಾದಲ್ಲಿ ವೈದ್ಯರು ಮೊದಲು ಆ ಪುಡಿಯನ್ನೆಲ್ಲ ಉಜ್ಜಿ ತೆಗೆಯಬೇಕಾಗುತ್ತದೆ, ಆ ನೋವು ಗಾಯದ ನೋವಿಗಿಂತ ಹೆಚ್ಚು. ರಕ್ತ ನಿಂತ ಮೇಲೆ ಸುತ್ತಲಿನ ಚರ್ಮವನ್ನು ಒರೆಸಿ ಒಣಗಿಸಿ ಬ್ಯಾಂಡ್-ಏಡ್ ಹಾಕಿದರೆ ಸಾಕು. ಬೆರಳಿನ ಗೆಣ್ಣಿನ ಮೇಲೆ ಅದು ನಿಲ್ಲುವುದಿಲ್ಲವೆಂಬ ದೂರು ಎಲ್ಲರದು. ಅದರ ಎರಡೂ ತುದಿಗಳನ್ನು ನಡುವಿನ ಮೆತ್ತೆಯವರೆಗೆ ಕತ್ತರಿಯಿಂದ ಸೀಳಿ, ಸಿಗುವ ನಾಲ್ಕು ಕಾಲುಗಳನ್ನು ಗೆಣ್ಣಿನ ಮೇಲೂ ಕೆಳಗೂ ಓರೆಯಾಗಿ ಅಂಟಿಸಿದರೆ ಬೆರಳು ಮಡಿಸಿದರೂ ಕಿತ್ತು ಬರುವುದಿಲ್ಲ.

ಸ್ಕೂಟರಿನಿಂದ ಬಿದ್ದು ಮಂಡಿ ತರಚಿದಂತಹ ಅಗಲವಾದ ಗಾಯದ ಮೇಲೆ ಹತ್ತಿಯನ್ನು ನೇರವಾಗಿ ಇಡಲೇಬಾರದು. ಅದರ ಎಳೆಗಳು ಹಸಿ ಗಾಯಕ್ಕೆ ಅಂಟಿಕೊಂಡು ಒಣಗುತ್ತವೆ. ಪ್ಯಾರಾಫಿನ್ ಗಾಜ್ ಎಂದು ಕೇಳಿ ತಂದು, ಆ ಜಿಡ್ಡಿನ ಜಾಲರಿಯನ್ನು ಮೊದಲು ಹಾಸಿ, ಅದರ ಮೇಲೆ ಸ್ಟೆರೈಲ್ (ಕ್ರಿಮಿರಹಿತ) ಎಂದು ಬರೆದಿರುವ ಗಾಜ್ ಬಟ್ಟೆಯ ತುಂಡನ್ನಿಟ್ಟು, ಆಮೇಲೆ ಸುತ್ತುಪಟ್ಟಿಯನ್ನು ಸುತ್ತಿದರೆ ಮರುದಿನ ಬಿಚ್ಚುವಾಗ ಮಗು ಕಿರುಚುವುದಿಲ್ಲ. ಅಷ್ಟಾಗಿಯೂ ಅಂಟಿಕೊಂಡಿದ್ದರೆ ಎಳೆಯದೆ, ಕುದಿಸಿ ಆರಿಸಿದ ನೀರಿನಲ್ಲಿ ನೆನೆಸಿ ಬಿಡಿಸಬೇಕು. ಸುಟ್ಟ ಗಾಯಕ್ಕೆ ಪಟ್ಟಿಗಿಂತ ಮೊದಲು 20 ನಿಮಿಷ ಹರಿಯುವ ತಣ್ಣೀರು ಬೇಕು. ಟೂತ್‌ಪೇಸ್ಟ್ ಬೇಡ, ಗುಳ್ಳೆಯನ್ನು ಒಡೆಯುವುದೂ ಬೇಡ.

ಹೆಚ್ಚು ತಪ್ಪು ನಡೆಯುವುದು ಎಳೆದರೆ ಹಿಗ್ಗುವ ಕ್ರೇಪ್ ಬ್ಯಾಂಡೇಜಿನಲ್ಲಿ. ಅದು ಗಾಯ ಮುಚ್ಚುವ ಬಟ್ಟೆಯಲ್ಲ, ಉಳುಕಿಗೆ ಆಸರೆ. ಮಣಿಕಟ್ಟಿಗೆ 8 ಸೆಂಟಿಮೀಟರ್, ಪಾದದ ಗಿಣ್ಣಿಗೆ 10, ಮಂಡಿಗೆ 15 ಸೆಂಟಿಮೀಟರ್ ಅಗಲದ್ದು ಸಾಮಾನ್ಯವಾಗಿ ಸರಿಹೋಗುತ್ತದೆ. ಪಾದವನ್ನು ಕಾಲಿಗೆ ಲಂಬ ಕೋನದಲ್ಲಿಟ್ಟು, ಬೆರಳುಗಳ ಬುಡದಿಂದ ಮೇಲಕ್ಕೆ, ಪ್ರತಿ ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ ಸುತ್ತಬೇಕೇ ಹೊರತು ಮೇಲಿನಿಂದ ಕೆಳಕ್ಕೆ ಸುತ್ತಿ ಊತವನ್ನು ಬೆರಳುಗಳ ಕಡೆಗೆ ತಳ್ಳಬಾರದು. ಸುತ್ತಿದ ಮೇಲೆ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಡಿ: ಬಿಳಿಚಿದ ಉಗುರಿಗೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ತಡವಾದರೆ, ಬೆರಳು ತಣ್ಣಗಾದರೆ, ಜೋಮು ಹಿಡಿದರೆ, ಆ ಕ್ಷಣವೇ ಬಿಚ್ಚಿ ಸಡಿಲವಾಗಿ ಸುತ್ತಿರಿ. ವೈದ್ಯರು ಬೇರೆ ಹೇಳದಿದ್ದರೆ ರಾತ್ರಿ ಮಲಗುವಾಗ ತೆಗೆದಿಡಬೇಕು. ಸೋಪಿನ ನೀರಿನಲ್ಲಿ ಕೈಯಿಂದ ಒಗೆದು, ಹಿಂಡದೆ, ನೆರಳಿನಲ್ಲಿ ಚಪ್ಪಟೆಯಾಗಿ ಹರಡಿದರೆ ಹಿಗ್ಗುವ ಗುಣ ಬಹುಕಾಲ ಉಳಿಯುತ್ತದೆ. ಜೋತುಬಿದ್ದ ಪಟ್ಟಿಯನ್ನು ಇಟ್ಟುಕೊಂಡು ಪ್ರಯೋಜನವಿಲ್ಲ.

ವಯಸ್ಸಾದವರ ಚರ್ಮದ ವಿಷಯದಲ್ಲಿ ನನಗೆ ವಿಶೇಷ ಕಳಕಳಿಯಿದೆ. ಈರುಳ್ಳಿಯ ಒಳಸಿಪ್ಪೆಯಂತೆ ತೆಳುವಾದ ಆ ಚರ್ಮಕ್ಕೆ ಗಟ್ಟಿ ಅಂಟಿನ ಪ್ಲಾಸ್ಟರ್ ಹಾಕಿ ಕಿತ್ತರೆ ಚರ್ಮವೇ ಕಿತ್ತು ಬರುತ್ತದೆ. ಅಂಥವರಿಗೆ ಗಾಜ್ ಇಟ್ಟು ಸುತ್ತುಪಟ್ಟಿಯನ್ನು ಸಡಿಲವಾಗಿ ಸುತ್ತಿ, ಕಾಗದದ ಟೇಪನ್ನು ಪಟ್ಟಿಯ ಮೇಲೆಯೇ ಅಂಟಿಸಬೇಕು, ಚರ್ಮದ ಮೇಲಲ್ಲ. ಸಕ್ಕರೆ ಕಾಯಿಲೆ ಇರುವವರ ಪಾದದ ಗಾಯ ಎಷ್ಟೇ ಚಿಕ್ಕದಾಗಿರಲಿ, ಮನೆಯಲ್ಲಿ ಪಟ್ಟಿ ಕಟ್ಟಿ ಸುಮ್ಮನಾಗದೆ ವೈದ್ಯರಿಗೆ ತೋರಿಸಿ. ಅವರಿಗೆ ನೋವು ತಿಳಿಯದೆಯೇ ಒಳಗೆ ಕೀವಾಗಬಹುದು.

ನಾಯಿ ಕಚ್ಚಿದರೆ ಬಿಗಿಯಾಗಿ ಕಟ್ಟುವುದು ತಪ್ಪು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ತಡಮಾಡದೆ ಲಸಿಕೆಗಾಗಿ ಆಸ್ಪತ್ರೆಗೆ ಹೋಗಬೇಕು. ಒತ್ತಿ ಹಿಡಿದರೂ ರಕ್ತ ನಿಲ್ಲದ ಗಾಯಕ್ಕೆ ಒತ್ತುವುದನ್ನು ಬಿಡದೆಯೇ ಆಸ್ಪತ್ರೆಗೆ ಹೊರಡಿ. ತುಕ್ಕು ಹಿಡಿದ ಮೊಳೆ ಚುಚ್ಚಿದ್ದರೆ ಧನುರ್ವಾಯು ತಡೆಯುವ (ಟಿ.ಟಿ.) ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಲು ಮರೆಯಬೇಡಿ.