ಕಲ್ಲಿನ ಮೇಲೆ 1260: ಹಾಂಗ್‌ಕಾಂಗಿನ ನೂಲಿನ ದಲ್ಲಾಳಿಯನ್ನು ಹುಡುಕಿದ ಕಥೆ

"ಬೆಂಗಳೂರಲ್ಲಿ ಕೂತು ಕ್ಯಾಂಟನ್ ಕಡೆಗೆ ಹೋದವರನ್ನ ಹುಡುಕೋಕಾಗಲ್ಲ" ಅಂತ ನಮ್ಮ ವಂಶಾವಳಿ ಗೆಳೆಯರೆಲ್ಲ ಹೇಳಿದ್ದರು. ನನಗೆ ಚೀನೀ ಬರಲ್ಲ, ಗುಜರಾತಿ ಓದಲೂ ಬರಲ್ಲ. ಒಂದೂವರೆ ವರ್ಷ ನನಗೂ ಹಾಗೇ ಅನಿಸಿತ್ತು. ಈಗ ಸಿಕ್ಕಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಪಾರ್ಸಿ ಗೆಳೆಯರೊಬ್ಬರ ಮುತ್ತಜ್ಜ ಮುಂಬೈಯಿಂದ ಹಾಂಗ್‌ಕಾಂಗಿಗೆ ಹೋದವರು, ವಾಪಸ್ ಬರಲಿಲ್ಲ. ಮನೆಯಲ್ಲಿ ಉಳಿದಿದ್ದು ಒಂದು ಹರಕು ಕಾಗದ. ಅದರಲ್ಲಿ 'ಪಾಖೋಯ್ ನೂಲು' ಅಂತ ಎರಡು ಪದ (ಪಾಖೋಯ್ ದಕ್ಷಿಣ ಚೀನಾದ ಒಂದು ಬಂದರು). ಅಫೀಮು ವ್ಯಾಪಾರಿ ಅಂತ ಮನೆಯವರ ನಂಬಿಕೆ.

ನಾನು ಮೊದಲು ಕೈ ಹಾಕಿದ್ದು ಚೀನಾದ ಕಸ್ಟಮ್ಸ್ ವರದಿಗಳಿಗೆ. ದೊಡ್ಡ ತಪ್ಪು. ಭಾರತದಿಂದ ಬಂದ ಸರಕಿನ ಅಂಕಣ ನೋಡಿದರೆ ಎಷ್ಟೋ ಕಡೆ ಏನೂ ಇಲ್ಲ. ಆಮೇಲೆ ಹೊಳೆಯಿತು: ಮುಂಬೈ ನೂಲು ಹಾಂಗ್‌ಕಾಂಗಿನಲ್ಲಿ ಇಳಿದು ಮತ್ತೆ ಹಡಗು ಹತ್ತಿದರೆ ಲೆಕ್ಕದಲ್ಲಿ 'ಹಾಂಗ್‌ಕಾಂಗಿನಿಂದ' ಅಂತಲೇ ಬೀಳುತ್ತಿತ್ತು. 1887ರಲ್ಲಿ ಅಂಕಿ ದಿಢೀರನೆ ಏರಿದ್ದು ನೋಡಿ ಕುಣಿದಾಡಿದ್ದೆ. ಅದೂ ಸುಳ್ಳು ಖುಷಿ. ಆ ವರ್ಷ ಹಾಂಗ್‌ಕಾಂಗ್, ಮಕಾವ್ ಪಕ್ಕದಲ್ಲಿ ಕೌಲೂನ್, ಲಾಪ್ಪಾ ಕಸ್ಟಮ್ಸ್ ಠಾಣೆಗಳು ಶುರುವಾದವು. ಅಫೀಮಿನ ಮೇಲೆ ಪಿಕುಲಿಗೆ (ಸುಮಾರು 60 ಕೆಜಿ) 110 ಟೇಲ್ (ಚೀನಾದ ಬೆಳ್ಳಿ ಲೆಕ್ಕದ ಹಣ) ವಸೂಲಿ ಮಾಡೋದೇ ಮುಖ್ಯ ಕೆಲಸ. ಜೊತೆಗೆ ಅಲ್ಲಿಯವರೆಗೆ ಲೆಕ್ಕಕ್ಕೇ ಸಿಗದ ಜಂಕ್ ಎಂಬ ಚೀನೀ ಹಾಯಿದೋಣಿಗಳ ಸರಕೂ ಪುಸ್ತಕ ಸೇರಿತು. ವ್ಯಾಪಾರ ಹೆಚ್ಚಿದ್ದಲ್ಲ, ಎಣಿಸಿದ್ದು ಹೆಚ್ಚು. ಇನ್ನೊಂದು, ಟೇಲ್ ಲೆಕ್ಕ ನಂಬಬೇಡಿ. 1870ರ ಸುಮಾರಿಗೆ ಆರೂವರೆ ಷಿಲಿಂಗ್ ಇದ್ದದ್ದು 1900ರ ಹೊತ್ತಿಗೆ ಮೂರಕ್ಕೆ ಬಂದಿತ್ತು. ಪಿಕುಲ್ ಅಂಕಣ ಮಾತ್ರ ನೋಡಿ.

ಮಧ್ಯದಲ್ಲಿ ಶ್ರೀಗಂಧದ ಹುಚ್ಚು ಹಿಡಿಯಿತು. ನಮ್ಮ ಮೈಸೂರು ಗಂಧ ಪಶ್ಚಿಮ ಕರಾವಳಿಯಿಂದ ಮುಂಬೈಗೆ, ಅಲ್ಲಿಂದ ಕ್ಯಾಂಟನ್‌ಗೆ ಹೋಗುತ್ತಿತ್ತಲ್ವಾ? ವರದಿಯಲ್ಲಿ ಗಂಧಕ್ಕೂ ಒಂದು ಸಾಲಿದೆ. ಆದರೆ ಆಸ್ಟ್ರೇಲಿಯಾದ್ದೂ ಅದರಲ್ಲೇ ಬೆರೆತಿದೆ. ಎರಡು ತಿಂಗಳು ಸುಮ್ನೆ ಹೋಯಿತು.

ಕೆಲಸ ಮಾಡಿದ್ದು ಹಾಂಗ್‌ಕಾಂಗ್ ಗೆಜೆಟ್‌ನ ಜ್ಯೂರಿ ಪಟ್ಟಿ. ಕೋರ್ಟಿನಲ್ಲಿ ಜ್ಯೂರಿಯಾಗಿ ಕೂರಬಲ್ಲವರ ಹೆಸರು, ಕೆಲಸ, ವಿಳಾಸ ಅದರಲ್ಲಿರುತ್ತಿತ್ತು. ವರ್ಷಕ್ಕೊಂದು ಬರುತ್ತಿತ್ತು, ಈಗ ಪುಕ್ಕಟೆ ಓದಬಹುದು. ಹೆಸರಿನ ನಾಲ್ಕನೇ ಸ್ಪೆಲಿಂಗ್‌ಗೆ ಸಿಕ್ಕರು: 'ಬ್ರೋಕರ್, ಹಾಲಿವುಡ್ ರೋಡ್'. 1881ರ ಆಸುಪಾಸಿನಿಂದ 1890ರವರೆಗೆ ಇದ್ದಾರೆ, 1891ರಲ್ಲಿ ಇಲ್ಲ. (ಪಾರ್ಸಿ ಹೆಸರುಗಳ ಸ್ಪೆಲಿಂಗ್ ಪಟ್ಟಿಯೊಂದನ್ನು ಮಾಡಿಟ್ಟುಕೊಂಡಿದ್ದೇನೆ. ಅದನ್ನ ಇಲ್ಲಿ ಹಾಕಲ್ಲ, ಕ್ಷಮಿಸಿ!)

ಸಮಾಧಿ ಹ್ಯಾಪಿ ವ್ಯಾಲಿಯ ಪಾರ್ಸಿ ಸ್ಮಶಾನದಲ್ಲಿ ಇರಬೇಕು ಅಂದುಕೊಂಡೆ. ಅಲ್ಲಿ ದಖ್ಮಾ (ಶವವನ್ನು ಹದ್ದುಗಳಿಗೆ ಬಿಡುವ ಗೋಪುರ) ಇರಲಿಲ್ಲ, ಹಾಗಾಗಿ ಹೂಳುತ್ತಿದ್ದರು. ಫೋಟೋ ತೆಗೆದುಕೊಡಲು ಒಬ್ಬರಿಗೆ ಸುಮಾರು ಮೂರು ಸಾವಿರ ಕೊಟ್ಟೆ, ಬಂದದ್ದು ಬೇರೆ ಯಾರದೋ ಕಲ್ಲು. ಎರಡನೇ ಸಲ ಸರಿಯಾದದ್ದು ಬಂತು, ಇನ್ನೊಂದು ನಾಲ್ಕು ಸಾವಿರ. ಗುಜರಾತಿ ಓದಿಸಲು ಸಾವಿರದೈನೂರು. ಕಲ್ಲಿನ ಮೇಲೆ 1260, ಪಾರ್ಸಿಗಳ ಯಜ್ದೆಗರ್ದಿ ಶಕೆ. ನಾನು 631 ಕೂಡಿಸಿದೆ, 1891 ಬಂತು. ಆ ವರ್ಷದ ಪತ್ರಿಕೆಗಳನ್ನೆಲ್ಲ ಜಾಲಾಡಿದೆ. ಏನೂ ಇಲ್ಲ.

ಪಟ್ಟಿ ಮತ್ತೆ ತೆಗೆದು ಕೂತೆ. 1891ರ ಪಟ್ಟಿ ವರ್ಷದ ಶುರುವಿಗೇ ತಯಾರಾಗಿದ್ದು, ಅದರಲ್ಲೇ ಹೆಸರಿಲ್ಲ. ಹಾಗಾದರೆ? ಕಲ್ಲು ಓದಿದವರನ್ನು ತಿಂಗಳು ಯಾವುದು ಅಂತ ಕೇಳಿದೆ. ಖೊರ್ದಾದ್, ಮೂರನೇ ತಿಂಗಳು. ಆಗ ಶಹೆನ್‌ಶಾಹಿ (ಹೆಚ್ಚಿನ ಪಾರ್ಸಿಗಳ ಪಂಚಾಂಗ) ಹೊಸ ವರ್ಷ ಸೆಪ್ಟೆಂಬರಿನಲ್ಲಿ ಬರುತ್ತಿತ್ತು. ಅಂದರೆ 1260 ಶುರುವಾದದ್ದೇ 1890ರ ಸೆಪ್ಟೆಂಬರಿನಲ್ಲಿ; ಕೂಡಿಸಬೇಕಾದ್ದು 630, ಅವರು ತೀರಿಕೊಂಡಿದ್ದು 1890ರ ಕೊನೆಗೆ. ಒಂದೇ ಒಂದು ಅಂಕಿ, ಮೂರು ತಿಂಗಳ ರಾತ್ರಿ ನಿದ್ದೆ.

ಆಮೇಲೆ ಒಂದು ವಾರದಲ್ಲಿ ಪತ್ರಿಕೆಯಲ್ಲಿ ನಾಲ್ಕು ಸಾಲು ಸಿಕ್ಕಿತು. ಅದರ ಪಕ್ಕದ ಕಾಲಂನಲ್ಲೇ ಅವರ ಸರಕಿನ ಹರಾಜು: ಬಾಂಬೆ ನೂಲು, ಅರವತ್ತು ಚಿಲ್ಲರೆ ಬೇಲು. ಬೇಲಿಗೆ ಮೂರು ಪಿಕುಲ್ ಹಿಡಿದರೆ ಹನ್ನೊಂದು ಟನ್ ಮೇಲೆ. ಮಾರಾಟ ಯಾಕಾಗಿರಲಿಲ್ಲ ಅನ್ನೋದಕ್ಕೆ ಕಸ್ಟಮ್ಸ್ ವರದಿಯೇ ಕೊನೆಗೆ ಉಪಯೋಗಕ್ಕೆ ಬಂತು. 1889ರಲ್ಲಿ ಮೆಂಗ್‌ಟ್ಸ್ (ಚೀನಾದ ನೈಋತ್ಯದ ಯುನ್ನಾನ್ ಪ್ರಾಂತ್ಯದ ಊರು) ವಿದೇಶಿ ವ್ಯಾಪಾರಕ್ಕೆ ತೆರೆದ ಮೇಲೆ ಯುನ್ನಾನಿಗೆ ಹೋಗುವ ನೂಲು ಪಾಖೋಯ್ ಬಿಟ್ಟು ಟಾಂಕಿನ್ (ಈಗಿನ ಉತ್ತರ ವಿಯೆಟ್ನಾಂ) ದಾರಿ ಹಿಡಿಯಿತು. ಇವರ ಗಿರಾಕಿಗಳು ಆ ಕಡೆ ಹೋಗಿರಬೇಕು, ಇದು ನನ್ನ ಊಹೆ.

ಒಟ್ಟು ಖರ್ಚು ಹತ್ತಿರ ಹದಿನೈದು ಸಾವಿರ. ವಿಮಾನ ಹತ್ತಲಿಲ್ಲ. ಎಲ್ಲ ಪ್ರಿಂಟ್ ತೆಗೆದು ಗೆಳೆಯರ ಮುಂದಿಟ್ಟೆ. ಹರಾಜಿನ ಜಾಹೀರಾತನ್ನ ಎರಡು ಸಲ ಓದಿದರು. "ಅಫೀಮು ಅಲ್ವಾ?" ಅಂದರು, ಸ್ವಲ್ಪ ಬೇಜಾರಲ್ಲೇ.