ನಿದ್ದೆ ಕೆಟ್ಟವರ ವಂಶಾವಳಿ ಬರೆಯುವುದು ಹೇಗೆ?

ಹೊಲದ ವಾರಸಾ ಹಚ್ಚಲು ವಂಶಾವಳಿ ಬರೆಸದ ಮನೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಸಿಗುವುದು ಕಷ್ಟ. ಮುತ್ತಜ್ಜನಿಂದ ಹಿಡಿದು ಮೊಮ್ಮಕ್ಕಳವರೆಗೆ ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು ಎಂಬುದನ್ನು ತಪ್ಪಿಲ್ಲದೆ ಹೇಳುತ್ತೇವೆ. ಅದೇ ನಾವು ನಿದ್ದೆ ಕೆಟ್ಟು, ಮನಸ್ಸು ಕುಗ್ಗಿ ಮನೋವೈದ್ಯರ ಮುಂದೆ ಕುಳಿತು, 'ನಿಮ್ಮ ಮನೆತನದಲ್ಲಿ ಹಿಂದೆ ಯಾರಿಗಾದರೂ ಹೀಗಾಗಿತ್ತೇ?' ಎಂದು ಕೇಳಿಸಿಕೊಂಡಾಗ ಎರಡೇ ಮಾತಿನಲ್ಲಿ ಮುಗಿಸುತ್ತೇವೆ: 'ಯಾರಿಗೂ ಇಲ್ರಿ.'

ರೋಗಿಗಳ ಮನೆತನದ ಹಿನ್ನೆಲೆ ಬರೆದುಕೊಳ್ಳುವುದು ಬಹಳ ವರ್ಷ ನನ್ನ ಕೆಲಸವಾಗಿತ್ತು. 'ಇಲ್ರಿ' ಎಂದವರ ಮನೆಯಿಂದಲೇ ಎರಡನೇ, ಮೂರನೇ ಭೇಟಿಯ ಹೊತ್ತಿಗೆ ಒಬ್ಬೊಬ್ಬರ ಹೆಸರು ಹೊರಗೆ ಬರುತ್ತಿತ್ತು. ಅಷ್ಟರಲ್ಲಿ ತಿಂಗಳುಗಟ್ಟಲೆ ಔಷಧ ನಡೆದಿರುತ್ತಿತ್ತು. ಈ ಕೆಲಸವನ್ನು ಮೊದಲೇ, ಮನೆಯಲ್ಲೇ, ಒಂದು ಹಾಳೆಯಲ್ಲಿ ಮಾಡಿಕೊಂಡು ಹೋಗಬಹುದು.

ಯಾಕೆ ಮಾಡಬೇಕು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಿದ್ರಾಹೀನತೆ ಮತ್ತು ಖಿನ್ನತೆ ಒಂದೇ ಮನೆತನದಲ್ಲಿ ಜೊತೆಯಾಗಿ ಕಾಣುವುದಕ್ಕೆ ರಕ್ತದ ನಂಟೂ ಒಂದು ಕಾರಣ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 13 ಲಕ್ಷಕ್ಕೂ ಹೆಚ್ಚು ಜನರ ಡಿಎನ್‌ಎ ಪರಿಶೀಲಿಸಿ, ನಿದ್ರಾಹೀನತೆಗೆ ಸಂಬಂಧಿಸಿದ 202 ತಾಣಗಳನ್ನು ಗುರುತಿಸಿದರು. ಅದೇ ವರ್ಷ 8 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯಿಂದ ಖಿನ್ನತೆಗೆ ಸಂಬಂಧಿಸಿದ 102 ಡಿಎನ್‌ಎ ವ್ಯತ್ಯಾಸಗಳು ಸಿಕ್ಕವು. ಎರಡನ್ನೂ ಎದುರುಬದುರು ಇಟ್ಟರೆ ದೊಡ್ಡ ಪಾಲು ಹೊಂದಿಕೆಯಾಗುತ್ತದೆ. ನಿದ್ದೆಗೊಂದು, ದುಃಖಕ್ಕೊಂದು ಅಂತ ಒಂಟಿ ಜೀನ್ ಇಲ್ಲ. ನೂರಾರು ಸಣ್ಣ ಸಣ್ಣ ವ್ಯತ್ಯಾಸಗಳು ಕೂಡಿ ಸ್ವಲ್ಪ ಸ್ವಲ್ಪ ಜಗ್ಗುತ್ತವೆ. ತಂದೆ, ತಾಯಿ ಅಥವಾ ಒಡಹುಟ್ಟಿದವರಲ್ಲಿ ಒಬ್ಬರಿಗೆ ಖಿನ್ನತೆ ಇದ್ದರೆ ಉಳಿದವರಿಗೆ ಬರುವ ಸಂಭವ ಬೇರೆಯವರಿಗಿಂತ ಸುಮಾರು ಎರಡರಿಂದ ಮೂರು ಪಟ್ಟು ಹೆಚ್ಚು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಅವಳಿಗಳ ಅಧ್ಯಯನಗಳ ಪ್ರಕಾರ ಖಿನ್ನತೆಯ ಆನುವಂಶಿಕತೆ ಸುಮಾರು ಶೇ 37. ಇದನ್ನು ಓದಿದವರು 'ನನಗೆ ಬರುವುದು 37 ಪರ್ಸೆಂಟ್ ಗ್ಯಾರಂಟಿ' ಎಂದು ಹೆದರುತ್ತಾರೆ. ಹಾಗಲ್ಲ. ಒಂದು ಹೊಲದ ಜೋಳದಲ್ಲಿ ಒಂದು ದಂಟು ಎತ್ತರ, ಇನ್ನೊಂದು ಗಿಡ್ಡ ಇರುತ್ತದೆ. ಆ ಹೆಚ್ಚುಕಡಿಮೆಯಲ್ಲಿ ಎಷ್ಟು ಪಾಲು ಬೀಜದ್ದು, ಎಷ್ಟು ಪಾಲು ಮಣ್ಣು-ನೀರಿನದು ಎಂಬ ಲೆಕ್ಕ ಅದು. ಒಂದು ದಂಟಿನ ಹಣೆಬರಹ ಅದರಲ್ಲಿ ಬರೆದಿಲ್ಲ.

ಹಂತ 1: ಹಾಳೆ ಮತ್ತು ಗುರುತು

ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು. ಪೆನ್ಸಿಲ್ಲೇ ಬೇಕು, ಯಾಕೆಂದರೆ ಅಳಿಸುವುದು ಇದ್ದೇ ಇದೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ತೀರಿಕೊಂಡವರ ಮೇಲೆ ಓರೆ ಗೆರೆ. ನಿದ್ದೆಯ ತೊಂದರೆ ಇದ್ದವರಿಗೆ ಎಡ ಅರ್ಧ ತುಂಬಿ, ಮನಸ್ಸಿನ ತೊಂದರೆ ಇದ್ದವರಿಗೆ ಬಲ ಅರ್ಧ. ಅಜ್ಜ-ಅಜ್ಜಿಯ ತಲೆಯಿಂದ ಶುರು ಮಾಡಿದರೆ ಸಾಕು, ಅದಕ್ಕಿಂತ ಹಿಂದೆ ಹೋಗಬೇಡಿ.

ಎರಡು ಕಡೆ ಎಡವುತ್ತೇವೆ. ಹೊಲದ ವಂಶಾವಳಿ ನೋಡಿ ರೂಢಿಯಾದವರು ಕೊಟ್ಟ ಹೆಣ್ಣುಮಕ್ಕಳನ್ನು ಬಿಟ್ಟೇ ಬಿಡುತ್ತಾರೆ. ಸೋದರತ್ತೆಯನ್ನು ಹಿರೇಕೆರೂರಿಗೆ ಕೊಟ್ಟರೂ ರಕ್ತ ಈ ಮನೆಯದೇ, ಅವರೂ ಹಾಳೆಯಲ್ಲಿ ಇರಬೇಕು. ಎರಡನೆಯದು ಒಳಸಂಬಂಧ. ಅಕ್ಕನ ಮಗಳನ್ನು ತಂದುಕೊಂಡ ಮನೆಯಲ್ಲಿ ಒಬ್ಬರೇ ಅಜ್ಜಿ ತಂದೆಯ ಕಡೆಗೂ ತಾಯಿಯ ಕಡೆಗೂ ಬರುತ್ತಾರೆ. ಅವರನ್ನು ಎರಡು ಸಲ ಬರೆದರೆ ರೋಗ ಇಬ್ಬರಿಗೆ ಇದ್ದಂತೆ ಕಾಣುತ್ತದೆ. ಒಮ್ಮೆ ಮಾತ್ರ ಬರೆಯಿರಿ, ಅಂಥ ಗಂಡ-ಹೆಂಡತಿಯ ನಡುವೆ ಜೋಡಿ ಗೆರೆ ಎಳೆಯಿರಿ. ವೈದ್ಯರಿಗೆ ಅರ್ಥವಾಗುತ್ತದೆ.

ಹಂತ 2: ಹಿರಿಯರನ್ನು ಕೇಳುವುದು

ಕೆಲಸ ಕೆಡುವುದು ಇಲ್ಲಿ. ಹತ್ತರಲ್ಲಿ ಎಂಟು ಮಂದಿ ರೋಗದ ಹೆಸರು ಹಿಡಿದು ಕೇಳುತ್ತಾರೆ.

'ಆಯಿ, ನಮ್ಮ ಮನ್ಯಾಗ ಯಾರಿಗರ ಡಿಪ್ರೆಶನ್ ಇತ್ತೇನ?'

'ಹುಚ್ಚ-ಗಿಚ್ಚ ನಮ್ಮ ಮನಿತನದಾಗ ಯಾರಿಗೂ ಇಲ್ಲ. ಯಾರ ಹೇಳಿದ್ರ ನಿನಗ?'

ಅಲ್ಲಿಗೆ ಬಾಗಿಲು ಮುಚ್ಚಿತು. ಮನೆಯಲ್ಲಿ ಲಗ್ನಕ್ಕೆ ಬಂದ ಹುಡುಗಿ ಇದ್ದರಂತೂ ಇನ್ನು ಆರು ತಿಂಗಳು ಅವರು ಬಾಯಿ ಬಿಡುವುದಿಲ್ಲ. ಅವರು ಮುಚ್ಚಿಡುವುದು ಪ್ರೀತಿಯಿಂದಲೇ, ಅದನ್ನು ಮರೆಯಬೇಡಿ. ಅದೇ ಅಜ್ಜಿಯ ಪಕ್ಕದಲ್ಲಿ ಕುಳಿತು, ಅವಳು ಅವರೆಕಾಯಿ ಸುಲಿಯುವಾಗ ತಾನೂ ನಾಲ್ಕು ಸುಲಿಯುತ್ತ ಒಬ್ಬ ಮೊಮ್ಮಗಳು ಕೇಳಿದ ರೀತಿ ನನಗೆ ಇಂದಿಗೂ ನೆನಪಿದೆ.

'ಆಯಿ, ಅಜ್ಜ ರಾತ್ರಿ ಚೊಲೊ ನಿದ್ದಿ ಮಾಡ್ತಿದ್ದನೇನ?'

'ನಿದ್ದಿ ಎಲ್ಲೀದು ಅವಂಗ? ಮೂರಕ್ಕ ಎದ್ದು ಕಟ್ಟಿ ಮ್ಯಾಲೆ ಕುಂದರತಿದ್ದ. ಮಾತಿಲ್ಲ, ಕತಿ ಇಲ್ಲ. ರೊಟ್ಟಿ ಮುಂದಿಟ್ರ ಹಂಗ ಇರತಿದ್ವು.'

'ಎಷ್ಟ ದಿನಾ ಹಂಗಿದ್ದ?'

'ನಿಮ್ಮಪ್ಪನ ಲಗ್ನ ಆದ ವರ್ಷ. ಮುಂಗಾರಿ ಹಿಡದು ಸುಗ್ಗೀತನಕ.'

ನಸುಕಿನಲ್ಲೇ ಎಚ್ಚರ, ಮೌನ, ಊಟ ಬಿಟ್ಟದ್ದು, ತಿಂಗಳುಗಟ್ಟಲೆ ಹಾಗೇ ಇದ್ದದ್ದು. ವೈದ್ಯರಿಗೆ ಬೇಕಾದ ನಾಲ್ಕೂ ವಿಷಯ ಮೂರು ಮಾತಿನಲ್ಲಿ ಬಂದವು. ಲಗ್ನದ ವರ್ಷದಿಂದ ಅಜ್ಜನ ಅಂದಿನ ವಯಸ್ಸೂ ಲೆಕ್ಕಕ್ಕೆ ಸಿಗುತ್ತದೆ.

ಹೀಗಾಗಿ ರೋಗ ಕೇಳಬೇಡಿ, ದಿನಚರಿ ಕೇಳಿ. ಎಷ್ಟಕ್ಕೆ ಮಲಗುತ್ತಿದ್ದರು, ಎಷ್ಟಕ್ಕೆ ಏಳುತ್ತಿದ್ದರು, ಎದ್ದು ಏನು ಮಾಡುತ್ತಿದ್ದರು, ಹಬ್ಬ-ಜಾತ್ರೆಗೆ ಬರುತ್ತಿದ್ದರೋ ಇಲ್ಲವೋ. ಇಸವಿ ಕೇಳಬೇಡಿ, ಬರಗಾಲ, ಲಗ್ನ, ಮನೆ ಕಟ್ಟಿದ ವರ್ಷ ಇವುಗಳ ಆಸರೆಯಿಂದ ಕೇಳಿ. 'ಮನಸ್ಸಿಗೆ ಹಚ್ಚಿಕೊಂಡಿದ್ದ', 'ಗಾಳಿ ಸೋಕಿತ್ತು', 'ಯಾವಾಗಲೂ ಬ್ಯಾಸರ' ಎಂಬ ಮಾತು ಬಂದರೆ ತಿದ್ದದೆ ಹಾಗೇ ಬರೆದುಕೊಳ್ಳಿ. ಮೊದಲೇ ಒಂದು ಮಾತು ಹೇಳಿಬಿಡಿ: ಇದು ವಾಟ್ನಿಗೆ ಅಲ್ಲ, ಆಸ್ಪತ್ರೆಗೆ. ಹೆಸರು ಬರೆಯಲು ಶುರು ಮಾಡಿದ ಕೂಡಲೇ ಆಸ್ತಿಯ ಅನುಮಾನ ಬರುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ನಸುಕಿನಲ್ಲಿ ಎದ್ದವರೆಲ್ಲ ರೋಗಿಗಳಲ್ಲ, ಇದನ್ನೂ ನೋಡಿಕೊಳ್ಳಬೇಕು. ಪಂಪ್‌ಸೆಟ್ಟಿಗೆ ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ನೀರು ಹಾಯಿಸಲು ಎದ್ದವರು, ಹುಬ್ಬಳ್ಳಿಯಲ್ಲಿ ರೈಲ್ವೆಯ ರಾತ್ರಿ ಪಾಳಿ ಮಾಡಿದವರು ಬೇರೆ ಲೆಕ್ಕ. 'ಕೆಲಸ ಇಲ್ಲದ ದಿನಾನೂ ಹಂಗ ಏಳ್ತಿದ್ರೇನು?' ಎಂಬ ಒಂದೇ ಪ್ರಶ್ನೆ ಇಬ್ಬರನ್ನೂ ಬೇರೆ ಮಾಡುತ್ತದೆ. ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟಿ ಏಳುತ್ತಿದ್ದವರ ಪಕ್ಕದಲ್ಲಿ 'ಗೊರಕೆ' ಎಂದು ಬರೆಯಿರಿ, ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ.

ಇನ್ನು ಎರಡು ಪ್ರಶ್ನೆ ಯಾರೂ ಕೇಳುವುದಿಲ್ಲ, ನೀವು ಕೇಳಲೇಬೇಕು. ಒಂದು, ಬಾಣಂತನದಲ್ಲಿ ಯಾರಿಗಾದರೂ 'ಬಾಣಂತಿ ಸನ್ನಿ' ಆಗಿತ್ತೇ? ಇನ್ನೊಂದು, ನಿದ್ದೆಯೇ ಬೇಡ ಎನ್ನುವ ಹಾಗೆ ವಾರಗಟ್ಟಲೆ ಹುರುಪಿನಲ್ಲಿ ಇದ್ದವರು ಯಾರಾದರೂ ಇದ್ದರೇ? ನಿದ್ದೆ ಬಾರದೆ ಸೊರಗುವುದು ಬೇರೆ, ನಿದ್ದೆ ಇಲ್ಲದೆಯೂ ದಣಿಯದಿರುವುದು ಬೇರೆ. ಎರಡನೆಯದು ಅತಿ ಹುರುಪು ಮತ್ತು ಖಿನ್ನತೆ ಬೇರೆ ಬೇರೆ ಕಾಲಕ್ಕೆ ಬರುವ ಬೈಪೋಲಾರ್ ಕಾಯಿಲೆಯ ಗುರುತಾಗಿರಬಹುದು. ಅಂಥ ಮನೆತನದವರಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಕೆಲವೊಮ್ಮೆ ಉನ್ಮಾದ ಕೆರಳುತ್ತದೆ. ನಮ್ಮ ಚಿಗವ್ವನ ಮಗನಿಗೆ ಆದದ್ದು ಇದೇ. 'ಯಾರಿಗೂ ಇಲ್ರಿ' ಎಂದು ಹೇಳಿ ಬಂದವರು ನಾವೇ. ಮಾತ್ರೆ ಶುರುವಾಗಿ ಮೂರನೇ ವಾರಕ್ಕೆ ಅವನು ರಾತ್ರಿ ಎರಡಕ್ಕೆ ಎದ್ದು ಎಲ್ಲರಿಗೂ ಫೋನ್ ಹಚ್ಚತೊಡಗಿದ, ಸಾಲ ಮಾಡಿ ಎರಡನೇ ಟ್ರ್ಯಾಕ್ಟರಿಗೆ ಮುಂಗಡ ಕೊಟ್ಟು ಬಂದ. ಆಮೇಲೆ ಚಿಗವ್ವನ ಅಣ್ಣನ ಸುದ್ದಿ ಹೊರಬಿತ್ತು. ಮನೆಯವರು ಅದನ್ನು 'ಹರೇದ ಹುರುಪು' ಅಂತ ಕರೆಯುತ್ತಿದ್ದರು.

ಅಕಾಲದ ಸಾವುಗಳ ವಿಷಯ ಬಂದಾಗ ನಿಧಾನಿಸಿ. 'ಆಕಸ್ಮಿಕ' ಎಂದು ಹೇಳಿ ಕಣ್ಣು ತಪ್ಪಿಸಿದರೆ ಕೆದಕಬೇಡಿ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ. ಕೇಳುತ್ತ ಕೇಳುತ್ತ ನಿಮಗೇ ಎದೆ ಭಾರವಾದರೆ, ಬದುಕು ಬೇಡ ಎನಿಸಿದರೆ ಹಾಳೆ ಬದಿಗಿಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಹಂತ 3: ನಿಮ್ಮ ನಿದ್ದೆಯ 14 ದಿನ

ಮಲಗಿದ ಹೊತ್ತು, ಅಂದಾಜು ನಿದ್ದೆ ಹತ್ತಿದ ಹೊತ್ತು, ಎದ್ದ ಹೊತ್ತು, ನಡುವೆ ಎಚ್ಚರವಾದದ್ದು. ಬೆಳಗಿನ ಚಹಾದ ಜೊತೆ ಬರೆಯಿರಿ. ರಾತ್ರಿ ಗಡಿಯಾರ ನೋಡಿ ಬರೆಯಲು ಹೋದರೆ ಇದ್ದ ನಿದ್ದೆಯೂ ಹೋಗುತ್ತದೆ. ಹಾಸಿಗೆಯಲ್ಲಿ 8 ತಾಸು ಇದ್ದು 5 ತಾಸು ಮಾತ್ರ ನಿದ್ದೆಯಾದರೆ ಹಾಸಿಗೆಯ ಹೊತ್ತಿನಲ್ಲಿ ನಿದ್ದೆಯ ಪಾಲು ಶೇ 62ರ ಆಸುಪಾಸು. 85ಕ್ಕಿಂತ ಕೆಳಗೇ ಉಳಿದರೆ ವೈದ್ಯರಿಗೆ ತೋರಿಸಿ.

ಅಡ್ಡದಾರಿಗಳ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ. ಉಗುಳು ಕಳಿಸಿದರೆ 'ನಿದ್ದೆಯ ಜೀನ್' ಹೇಳುತ್ತೇವೆ ಎನ್ನುವ ಡಿಎನ್‌ಎ ಕಿಟ್ಟಿಗೆ ಹಣ ಹಾಕಬೇಡಿ. ಆ ಲೆಕ್ಕಾಚಾರಗಳು ನಿಂತಿರುವುದು ಬಹುಪಾಲು ಯುರೋಪ್ ಮೂಲದ ಜನರ ಮಾಹಿತಿಯ ಮೇಲೆ, ನಮ್ಮವರಿಗೆ ಇನ್ನೂ ಕಡಿಮೆ ಹೊಂದುತ್ತವೆ. ನಿಮ್ಮ ಆಯಿ ಹೇಳಿದ ಮೂರು ಮಾತು ಅದಕ್ಕಿಂತ ಬೆಲೆಬಾಳುತ್ತವೆ. ಚೀಟಿ ಇಲ್ಲದೆ ಅಂಗಡಿಯಿಂದ ಅಲ್ಪ್ರಜೋಲಾಮ್‌ನಂಥ ನಿದ್ದೆ ಬರಿಸುವ ಗುಳಿಗೆ ತಂದು ನುಂಗುವುದಂತೂ ಬೇಡವೇ ಬೇಡ, ಅದು ಚಟ ಹತ್ತಿಸುತ್ತದೆ. 'ಒಂದು ಪೆಗ್ಗಿಗೆ ನಿದ್ದಿ ಬರ್ತದ' ಎನ್ನುವವರಿಗೆ ಅದೇ ಪೆಗ್ಗು ನಡುರಾತ್ರಿ ಕಳೆದ ಮೇಲೆ ಎಬ್ಬಿಸುತ್ತದೆ.

ಹಂತ 4: ವೈದ್ಯರ ಬಳಿ

ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ. ಕುಳಿತ ಕೂಡಲೇ ಎರಡೂ ಹಾಳೆ ಮುಂದಿಡಿ, ಕೇಳಲಿ ಎಂದು ಕಾಯಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮ್ಮ ಮಾಹಿತಿ ಗುಟ್ಟಾಗಿ ಇರಬೇಕು. ಥೈರಾಯ್ಡ್, ರಕ್ತಹೀನತೆಯ ಪರೀಕ್ಷೆ ಬರೆದರೆ ಬೇಸರಿಸದೆ ಮಾಡಿಸಿ.

ಖಿನ್ನತೆ ಇಲ್ಲ, ನಿದ್ದೆ ಮಾತ್ರ ಕೆಟ್ಟಿದೆ ಎಂದಾದರೂ ಹಿಂದಿರುಗಬೇಡಿ. 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನಿದ್ರಾಹೀನತೆ ಇರುವವರಿಗೆ ಮುಂದೆ ಖಿನ್ನತೆ ಬರುವ ಸಂಭವ ಸುಮಾರು ಎರಡು ಪಟ್ಟು ಎಂದು ಕಂಡುಬಂತು. ಜೀನ್ ಬದಲಿಸಲು ಆಗದು, ನಿದ್ದೆಯನ್ನು ಸರಿಪಡಿಸಬಹುದು. ಮಾತ್ರೆಗಿಂತ ಮೊದಲು ನಿದ್ದೆಗೆಂದೇ ಇರುವ ಅರಿವು-ವರ್ತನೆ ಚಿಕಿತ್ಸೆಯನ್ನು (ಸಿಬಿಟಿ-ಐ; ಮಲಗುವ ರೂಢಿ ಮತ್ತು ನಿದ್ದೆಯ ಬಗೆಗಿನ ಯೋಚನೆಗಳನ್ನು ತಿದ್ದುವ ಚಿಕಿತ್ಸೆ) ಕೇಳಿ, ಕೆಲವೇ ವಾರಗಳ ಕೆಲಸ ಅದು.

ವಂಶಾವಳಿಯ ಜೆರಾಕ್ಸ್ ಕೊಟ್ಟು ಮೂಲಪ್ರತಿ ನಿಮ್ಮಲ್ಲೇ ಇಟ್ಟುಕೊಳ್ಳಿ. ಅದರ ಹಿಂಬದಿಯಲ್ಲಿ ಮನೆಯ ಯಾರಿಗೆ ಯಾವ ಔಷಧ ಹಿಡಿಸಿತು, ಯಾವುದು ಒಗ್ಗಲಿಲ್ಲ ಎಂಬುದನ್ನು ಗುಳಿಗೆಯ ಚೀಟಿ ನೋಡಿ ಬರೆದಿಡಿ. ನಾಳೆ ತಮ್ಮನನ್ನೋ ತಂಗಿಯನ್ನೋ ಕರೆದುಕೊಂಡು ಹೋದಾಗ ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.