ಬಸುರಿ ಇರುವ ಮನೆಗೆ ಹೊಲದ ಔಷಧಿ ಬಾರದಂತೆ ನೋಡಿಕೊಳ್ಳುವುದು ಹೇಗೆ?

ಮೆಕ್ಕೆಜೋಳ ಮೊಳಕಾಲುದ್ದ ಬೆಳೆಯಿತೆಂದರೆ ದಾವಣಗೆರೆ ಸೀಮೆಯಲ್ಲಿ ಸೈನಿಕ ಹುಳುವಿಗೆ ಔಷಧಿ ಹೊಡೆಯುವ ಗಡಿಬಿಡಿ. ಚಳ್ಳಕೆರೆಯ ಈರುಳ್ಳಿ, ಹೊಸದುರ್ಗದ ದಾಳಿಂಬೆಗೂ ಸಿಂಪಡಣೆ ತಪ್ಪಿದ್ದಲ್ಲ. ಮನೆಯಲ್ಲಿ ಬಸುರಿ ಇದ್ದಾಗ ಮಾತ್ರ ಕೆಲವು ಪದ್ಧತಿ ಬದಲಾಗಲೇಬೇಕು.

ಡೆನ್ಮಾರ್ಕಿನಲ್ಲಿ ಹಸಿರುಮನೆಗಳಲ್ಲಿ ದುಡಿಯುತ್ತಿದ್ದ ಗರ್ಭಿಣಿಯರ ಮಕ್ಕಳನ್ನು ಶಾಲೆಗೆ ಹೋಗುವ ವಯಸ್ಸಿನವರೆಗೂ ಗಮನಿಸಿದರು. ಕೀಟನಾಶಕ ಸೋಕಿದ್ದ ತಾಯಂದಿರ ಮಕ್ಕಳಿಗೆ ಹುಟ್ಟುವಾಗ ತೂಕ ಕಡಿಮೆ, ಆಮೇಲೆ ಮೈಯಲ್ಲಿ ಕೊಬ್ಬು ಹೆಚ್ಚು. ಕ್ಯಾಲಿಫೋರ್ನಿಯಾದ ಕೃಷಿ ಕುಟುಂಬಗಳಲ್ಲಿ ತಾಯಿಯ ರಕ್ತದಲ್ಲಿದ್ದ ಡಿಡಿಟಿ ಎಂಬ ಕೀಟನಾಶಕಕ್ಕೂ ಗಂಡುಮಕ್ಕಳಿಗೆ 12ನೇ ವಯಸ್ಸಿಗೆ ಬರುವ ಬೊಜ್ಜಿಗೂ ನಂಟು ಕಂಡಿತು. ಕೆಲವು ರಾಸಾಯನಿಕಗಳು ಹಾರ್ಮೋನಿನ ಕೆಲಸವನ್ನೇ ಏರುಪೇರು ಮಾಡುತ್ತವೆ; ಕೊಬ್ಬಿನ ಕೋಶಗಳು ರೂಪುಗೊಳ್ಳಲು ಶುರುವಾಗುವುದು ಗರ್ಭದಲ್ಲಿರುವಾಗಲೇ. ಇದು ನಂಟು ಅಷ್ಟೆ, ಔಷಧಿ ಸೋಕಿದ ಪ್ರತಿ ಮಗುವೂ ದಪ್ಪಗಾಗುತ್ತದೆ ಎಂದಲ್ಲ. ಊಟ, ಆಟ, ವಂಶ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಮೊದಲು ಬಟ್ಟೆಯ ವಿಚಾರ. ಬಸುರಿ ಹೊಲಕ್ಕೆ ಹೋಗದಿದ್ದರೂ ಗಂಡನ ಅಂಗಿ, ಲುಂಗಿಯಲ್ಲಿ ಔಷಧಿ ಮನೆಯೊಳಗೇ ಬರುತ್ತದೆ. ಹೊಡೆದು ಬಂದವರು ಬಟ್ಟೆಯನ್ನು ಹಿತ್ತಿಲಲ್ಲೇ ಬಿಚ್ಚಿ, ಸೋಪು ಹಚ್ಚಿ ಸ್ನಾನ ಮಾಡಿಯೇ ಒಳಗೆ ಬರಲಿ. ಆ ಬಟ್ಟೆ ಬೇರೆ ಬಕೆಟ್ಟಿನಲ್ಲಿರಲಿ, ಹೊಡೆದವರೇ ಒಗೆದು ಬಿಸಿಲಿಗೆ ಹಾಕಲಿ. ಅತ್ತೆಯಂದಿರೇ, ಸೊಸೆಯ ಕೈಗೆ ಅದನ್ನು ಕೊಡಬೇಡಿ. ಇದೊಂದನ್ನು ಪಾಲಿಸಿದರೂ ದೊಡ್ಡ ಉಪಕಾರ.

ಔಷಧಿ ಕಲೆಸುವುದು, ಕ್ಯಾನು ತೊಳೆಯುವುದು ಬಸುರಿಯ ಕೆಲಸವಲ್ಲ. ಹೊಡೆದ ಹೊಲಕ್ಕೆ ಕಳೆ ಕೀಳಲೂ ಹೋಗಬಾರದು. ಎಷ್ಟು ದಿನ ಬಿಡಬೇಕೆಂದು ಅಂಗಡಿಯವರನ್ನು ಕೇಳಿ. ಪಕ್ಕದ ಹೊಲದಲ್ಲಿ ಹೊಡೆಯುತ್ತಿದ್ದರೆ ಕಿಟಕಿ ಮುಚ್ಚಿ, ಕುಡಿಯುವ ನೀರಿಗೆ ಮುಚ್ಚಳ ಹಾಕಿ.

ಡಬ್ಬಿಯ ಮೇಲಿನ ತ್ರಿಕೋನ ನೋಡಿದ್ದೀರಲ್ಲ? ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಈ ಬಣ್ಣ ಹೇಳುವುದು ಕುಡಿದರೆ, ಮೈಗೆ ತಗುಲಿದರೆ ಆಗುವ ತಕ್ಷಣದ ಅಪಾಯವನ್ನು ಮಾತ್ರ. ಹೊಟ್ಟೆಯಲ್ಲಿರುವ ಕೂಸಿಗೆ ಏನಾಗುತ್ತದೆಂದು ಅದು ಹೇಳುವುದಿಲ್ಲ. ಆದ್ದರಿಂದ ಹಸಿರು ಬಣ್ಣವಿದ್ದರೂ ಇಷ್ಟೇ ಜಾಗ್ರತೆ ಬೇಕು. ಡಬ್ಬಿಗಳು ಮಂಚದ ಕೆಳಗಾಗಲಿ ಅಡುಗೆಮನೆ ಅಟ್ಟದಲ್ಲಾಗಲಿ ಬೇಡ. ಮನೆಯಿಂದಾಚೆ ಬೀಗ ಹಾಕಿದ ಪೆಟ್ಟಿಗೆಯಲ್ಲಿರಲಿ.

ತರಕಾರಿ ಬಿಡಬೇಡಿ, ಬಸುರಿಗೆ ಅದು ಬೇಕೇ ಬೇಕು. ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಸೇಬಿನಂಥ ಹಣ್ಣನ್ನು ಅಡುಗೆ ಸೋಡಾ ನೀರಿನಲ್ಲಿ ಹದಿನೈದು ನಿಮಿಷ ನೆನೆಸಿ ತೊಳೆದರೆ ಮೇಲ್ಮೈಯ ಔಷಧಿ ಅಂಶ ಬಹುಪಾಲು ಹೋಗುತ್ತದೆ. ಒಳಗೆ ಇಳಿದದ್ದು ಹೋಗದು.

ಈಗಾಗಲೇ ಔಷಧಿ ಸೋಕಿದೆ ಎಂದು ಹೆದರಿ ಕೂರಬೇಡಿ. ಮುಂದಿನ ತಪಾಸಣೆಯಲ್ಲಿ ವೈದ್ಯರಿಗೆ ಹೇಳಿ. ವಾಂತಿ, ವಿಪರೀತ ಬೆವರು, ಕಣ್ಣು ಮಂಜಾಗುವುದು ಕಂಡರೆ ಮಾತ್ರ ತಡಮಾಡದೆ ಡಬ್ಬಿಯನ್ನೂ ಹಿಡಿದು ಆಸ್ಪತ್ರೆಗೆ ಹೋಗಿ.